ಎಂಪಿ3, ವೇವ್, ಎಂ4ಎ: ಆಡಿಯೋ ಫೈಲ್ ಕನ್ವರ್ಟ್ ಮಾಡಿದಾಗ ಒಳಗ ಏನಾಗ್ತೈತಿ

ಡಿಸೆಂಬರ್ ಬಂತಂದ್ರ ಹುಬ್ಬಳ್ಳಿ-ಧಾರವಾಡದ ಸಾಲಿಯೊಳಗ ಗ್ಯಾದರಿಂಗ್ ಶುರು, ಅದರ ಬೆನ್ನಿಗೇ ಲಗ್ನದ ಸೀಸನ್ನು. ಹುಡುಗೂರು ಕುಣಿಯೋ ಹಾಡು ಯಾರದೋ ಫೋನಿನ್ಯಾಗ ಇರ್ತೈತಿ, ಅದನ್ನ ಪೆನ್‌ಡ್ರೈವಿಗೆ ಹಾಕ್ಕೊಂಡು ಹೋಗಿ ಕೊಟ್ರ ಸೌಂಡ್ ಸಿಸ್ಟಮ್‌ನಾಂವ "ಇದು ಓದವಲ್ದರಿ, ಎಂಪಿ3 ಮಾಡ್ಕೊಂಡ್ ಬರ್ರಿ" ಅಂತ ವಾಪಸ್ ಕೊಡ್ತಾನ. ಆಮ್ಯಾಲ ಟೀಚರೋ, ಹುಡುಗೂರ ಅಪ್ಪನೋ ಗೂಗಲ್ ಮಾಡಿ ಸಿಕ್ಕ ಯಾವುದೋ ವೆಬ್‌ಸೈಟಿಗೆ ಹಾಡು ಹಾಕಿ, ಅದು ಕೊಟ್ಟದ್ದನ್ನ ಇಳಿಸ್ಕೊಂಡು ಬರ್ತಾರ. ಹಾಡು ಹತ್ತತೈತಿ ಖರೆ, ಆದ್ರ ದೊಡ್ಡ ಸ್ಪೀಕರಿಗೆ ಹಚ್ಚಿದ ಕೂಡಲೇ ಧ್ವನಿ ಮಬ್ಬು ಮಬ್ಬು, ತಾಳದ ಸಪ್ಪಳ ಒಡಕ ಒಡಕ.

ಕನ್ವರ್ಟ್ ಮಾಡೋದರ ಬಗ್ಗೆ ಇನ್ನೊಂದು ಥರದ ಮಂದಿನೂ ಕೇಳ್ತಾರ. ಧಾರವಾಡ ಆಕಾಶವಾಣಿ 1950ರಿಂದ ನಡದೈತಿ, ಅದರಾಗ ಬಂದ ಸಂಗೀತ ಕಚೇರಿ ಟೇಪ್ ಮಾಡಿ ಇಟ್ಟ ಮನಿಗಳು ಈ ಕಡೆ ಇನ್ನೂ ಅದಾವ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಾರ್ಯಕ್ರಮದ ಕ್ಯಾಸೆಟ್ಟು, ಅಜ್ಜಿ ಹೇಳಿದ ಸೋಬಾನ ಪದ, ತೀರಿಕೊಂಡ ಅಪ್ಪನ ವಾಟ್ಸಾಪ್ ವಾಯ್ಸ್ ಮೆಸೇಜ್, ಇವೆಲ್ಲ ಒಮ್ಮೆ ಹಾಳಾದ್ರ ಮತ್ತ ಸಿಗೋ ಮಾತಲ್ಲ. ಹಿಂಗಾಗಿ ಕನ್ವರ್ಟ್ ಬಟನ್ ಒತ್ತೋಕಿಂತ ಮೊದಲ ಅದರ ಹಿಂದ ಏನು ನಡೀತೈತಿ ಅಂತ ತಿಳ್ಕೊಳ್ಳೋದು ಭಾಳ ಮುಖ್ಯ, ಅದೇನು ದೊಡ್ಡ ಬ್ರಹ್ಮವಿದ್ಯೆನೂ ಅಲ್ಲ.

ಧ್ವನಿ ಅಂಕಿ ಆಗೋದು ಹೆಂಗ

ಧ್ವನಿ ಅಂದ್ರ ಗಾಳಿಯೊಳಗಿನ ಅದರಾಟ. ಮೈಕು ಆ ಅದರಾಟನ ಕರೆಂಟಿನ ಏರಿಳಿತ ಮಾಡ್ತೈತಿ, ಕಂಪ್ಯೂಟರು ಆ ಏರಿಳಿತನ ಘಳಿಗಿ ಘಳಿಗಿಗೆ ಅಳದು ಅಂಕಿ ಬರಕೋತೈತಿ. ಒಂದು ಸೆಕೆಂಡಿಗೆ ಎಷ್ಟು ಸಲ ಅಳೀತು ಅನ್ನೋದಕ್ಕ ಸ್ಯಾಂಪಲ್ ರೇಟ್ ಅಂತಾರ. ಆಡಿಯೋ ಸಿಡಿಯೊಳಗ ಇದು 44,100 ಸಲ. ಇಷ್ಟ್ಯಾಕ ಅಂದ್ರ, ಮನಷ್ಯಾರ ಕಿವಿ ಹೆಚ್ಚು ಕಡಿಮಿ 20ರಿಂದ 20,000 ಹರ್ಟ್ಜ್ ತನಕ (ಅಂದ್ರ ಸೆಕೆಂಡಿಗೆ ಅಷ್ಟು ಅದರಾಟ) ಕೇಳ್ತೈತಿ, ಒಂದು ಅದರಾಟನ ಸರಿಯಾಗಿ ಹಿಡಿಬೇಕಂದ್ರ ಅದರ ಎರಡ ಪಟ್ಟಿಗಿಂತ ಜಾಸ್ತಿ ಸಲ ಅಳೀಬೇಕು, ಅದಕ್ಕ 40,000ಕ್ಕಿಂತ ಸ್ವಲ್ಪ ಮ್ಯಾಲ. ವಿಡಿಯೋ ಕೆಲಸದಾಗ 48,000 ನಡೀತೈತಿ.

ಒಂದೊಂದು ಅಳತಿನ ಎಷ್ಟು ಸೂಕ್ಷ್ಮ ಬರೀತೈತಿ ಅನ್ನೋದು ಬಿಟ್ ಡೆಪ್ತ್. ಬಿಟ್ ಅಂದ್ರ ಸೊನ್ನೆ ಇಲ್ಲಾ ಒಂದು ಅನ್ನೋ ಒಂದು ಗುರುತು. ಸಿಡಿಯೊಳಗ 16 ಬಿಟ್, ಅಂದ್ರ ಒಂದು ಅಳತಿಗೆ 65,536 ಮೆಟ್ಟಿಲು. ಎಡಕ್ಕ ಒಂದು, ಬಲಕ್ಕ ಒಂದು, ಹಿಂಗ ಎರಡು ಚಾನೆಲ್.

ಈಗ ಗುಣಾಕಾರ ಮಾಡ್ರಿ. 44,100 ಗುಂಡ್ಲೆ 16 ಗುಂಡ್ಲೆ 2 ಅಂದ್ರ ಸೆಕೆಂಡಿಗೆ 14,11,200 ಬಿಟ್, ಅದನ್ನೇ 1,411 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಸಾವಿರ ಬಿಟ್) ಅಂತ ಬರೀತಾರ. ಈ "ಸೆಕೆಂಡಿಗೆ ಎಷ್ಟು ಬಿಟ್" ಅನ್ನೋದೇ ಬಿಟ್‌ರೇಟ್. ಒಂದು ನಿಮಿಷಕ್ಕ 10.6 ಎಂಬಿ ಸುಮಾರು ಆತು, ಐದು ನಿಮಿಷದ ಹಾಡಿಗೆ 53 ಎಂಬಿ. ಹಾಡಿನ ಫೈಲ್ ಯಾಕ ಸಣ್ಣದು ಮಾಡಬೇಕಾತು ಅನ್ನೋದಕ್ಕ ಉತ್ತರ ಈ ಲೆಕ್ಕದಾಗ ಐತಿ: 1990ರ ದಶಕದಾಗ ಫೋನ್ ಲೈನಿನ ಇಂಟರ್ನೆಟ್ಟಿನ ಮ್ಯಾಲ 53 ಎಂಬಿ ಇಳಸೋದಂದ್ರ ತಾಸುಗಟ್ಟಲೆ ಕೆಲಸ, ಹಾರ್ಡ್‌ಡಿಸ್ಕೂ ಸಣ್ಣವೇ ಇದ್ದವು.

ಸಣ್ಣದು ಮಾಡೋದರಾಗ ಎರಡು ದಾರಿ

ಬ್ಯಾಡಗಿ ಮೆಣಸಿನಕಾಯಿ ಇಟಕೊಂಡು ನೋಡೋಣು, ಹಾವೇರಿ ಕಡೆಯವರಿಗೆ ಬಿಡಿಸಿ ಹೇಳೋದು ಬ್ಯಾಡ. ಇಡೀ ಕಾಯಿ ಸಡಿಲ ತುಂಬಿದ ಚೀಲ ಒಂದು. ಅದೇ ಕಾಯಿ ಒತ್ತಿ ಒತ್ತಿ ತುಂಬಿದ್ರ ಜಾಗ ಕಡಿಮಿ ಹಿಡೀತೈತಿ, ಹೊರಗ ಸುರುವಿದ್ರ ಒಂದು ಕಾಯಿನೂ ಕಡಿಮಿ ಆಗಿರಂಗಿಲ್ಲ. ಮೂರನೇದು, ತೊಟ್ಟು ತಗದು, ಬೀಜ ತಗದು, ಕುಟ್ಟಿಸಿದ ಖಾರಪುಡಿ. ಜಾಗ ಭಾಳ ಉಳೀತೈತಿ, ಅಡಗಿಗೂ ನಡೀತೈತಿ, ಆದ್ರ ಪುಡಿಯಿಂದ ಮತ್ತ ಕಾಯಿ ಮಾಡಾಕ ಬರಂಗಿಲ್ಲ.

ಸಡಿಲ ಚೀಲ ಅಂದ್ರ ವೇವ್ ಫೈಲ್. ಮೈಕ್ರೋಸಾಫ್ಟ್ ಮತ್ತ ಐಬಿಎಂ ಕೂಡಿ 1991ರಾಗ ತಂದದ್ದು, ಅಳದ ಅಂಕಿ ಹೆಂಗದಾವೋ ಹಂಗ ಇಡ್ತೈತಿ. ಆಪಲ್‌ದ್ದು ಎಐಎಫ್ಎಫ್, ಅದೂ ಇದೇ ಜಾತಿ.

ಒತ್ತಿ ತುಂಬಿದ್ದು ಫ್ಲ್ಯಾಕ್, 2001ರಾಗ ಬಂತು. ಅಂಕಿಗಳೊಳಗ ಮತ್ತ ಮತ್ತ ಬರೋ ಮಾದರಿ ಹುಡುಕಿ ಕಡಿಮಿ ಜಾಗದಾಗ ಬರೀತೈತಿ, ವೇವಿನ ಅರ್ಧದಿಂದ ಮುಕ್ಕಾಲು ಪಾಲಿಗೆ ಬರೋದು ಸಾಮಾನ್ಯ, ಬಿಚ್ಚಿದ ಮ್ಯಾಲ ಒಂದು ಅಂಕಿನೂ ಆಕಡೆ ಈಕಡೆ ಆಗಿರಂಗಿಲ್ಲ. ಇಂಥಾವಕ್ಕ ಲಾಸ್‌ಲೆಸ್ ಅಂತಾರ.

ಪುಡಿ ಅಂದ್ರ ಎಂಪಿ3, ಎಎಸಿ, ವೋರ್ಬಿಸ್, ಓಪಸ್. ಇವು ಲಾಸಿ, ಅಂದ್ರ ಧ್ವನಿಯ ಒಂದಿಷ್ಟು ಭಾಗ ಖಾಯಂ ಬಿಟ್ಟು ಬಿಡ್ತಾವು. ಏನು ಬಿಡಬೇಕು ಅಂತ ಹೆಂಗ ಠರಾಯಿಸ್ತಾವು ಅನ್ನೋದು ಇಡೀ ವಿಷಯದಾಗ ನನಗ ಭಾಳ ಸೇರಿದ ಭಾಗ. ಡೊಳ್ಳು ಬಾರಿಸೋ ಹೊತ್ತಿನ್ಯಾಗ ಬಾಜೂಕ ನಿಂತಾಂವ ಪಿಸುಗುಟ್ಟಿದ್ರ ನಮಗ ಕೇಳಸಂಗಿಲ್ಲ ಅಲ್ಲ, ದೊಡ್ಡ ಸಪ್ಪಳ ಅದರ ಹತ್ತರದ ಸಣ್ಣ ಸಪ್ಪಳನ ಮುಚ್ಚಿ ಬಿಡ್ತೈತಿ, ಅಷ್ಟ ಅಲ್ಲ ದೊಡ್ಡ ಸಪ್ಪಳ ನಿಂತ ಮ್ಯಾಲೂ ಸ್ವಲ್ಪ ಹೊತ್ತು ಕಿವಿ ಸಣ್ಣದನ್ನ ಹಿಡಿಯಂಗಿಲ್ಲ. ಕಿವಿಯ ಈ ಗುಣ ಹಿಡಕೊಂಡು ಎನ್‌ಕೋಡರ್ ಅನ್ನೋ ಪ್ರೋಗ್ರಾಂ ಹಾಡನ್ನ ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನ್ಯಾಗ ಯಾವ ಸ್ವರ ಎದ್ದು ಕೇಳ್ತೈತಿ ಯಾವುದು ಮುಚ್ಚಿ ಹೋಗ್ತೈತಿ ಅಂತ ಲೆಕ್ಕ ಹಾಕಿ, ಮುಚ್ಚಿ ಹೋಗೋದಕ್ಕ ಕಡಿಮಿ ಬಿಟ್ ಕೊಡ್ತೈತಿ, ಇಲ್ಲಂದ್ರ ಪೂರ್ತಿ ತಗದ ಹಾಕ್ತೈತಿ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಮತ್ತ ಉಳಿದ ಸಂಶೋಧಕರು ಕೂಡಿ ಮಾಡಿದ ಎಂಪಿ3 ಹಿಂಗ ಹುಟ್ಟಿತು, ಅದರ ಸ್ಟ್ಯಾಂಡರ್ಡ್ 1993ರಾಗ ಪ್ರಕಟ ಆತು. 128 ಕೆಬಿಪಿಎಸ್ ಎಂಪಿ3 ಅಂದ್ರ ನಿಮಿಷಕ್ಕ ಒಂದು ಎಂಬಿಯೂ ಇಲ್ಲ, ಸಿಡಿಯ ಹನ್ನೊಂದನೇ ಒಂದು ಪಾಲು.

ಮನ್ಯಾಗ ಫೋನಿನ ಸ್ಪೀಕರಿಗೆ ಇದರ ಫರಕು ತಿಳಿಯಂಗಿಲ್ಲ. ಬಿಟ್‌ರೇಟ್ ಭಾಳ ಕಡಿಮಿ ಮಾಡಿ ಒಳ್ಳೆ ಸ್ಪೀಕರಿನ್ಯಾಗ ಕೇಳ್ರಿ, ಆವಾಗ ತಂಬೂರಿಯ ಝೇಂಕಾರದ ಮ್ಯಾಲಿನ ಸ್ವರಗಳು ತೇಲಾಡ್ತಾವು, ಭಜನಿ ತಾಳದ ಝಣ್ ಅನ್ನೋದು ಮಬ್ಬಾಗ್ತೈತಿ, ತಬಲಾದ ಪೆಟ್ಟು ಬೀಳೋಕಿಂತ ಒಂದು ಕ್ಷಣ ಮೊದಲ ಸಣ್ಣ ಸರಸರ ಕೇಳಸ್ತೈತಿ. ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ಗಾಯನ ಕೇಳಿ ಬೆಳೆದ ಊರಿನ ಕಿವಿಗೆ ಇದು ಹತ್ತದ ಇರಂಗಿಲ್ಲ.

ಚೀಲದ ಮ್ಯಾಲಿನ ಚೀಟಿ

ಭಾಳ ಮಂದಿ ಗೊಂದಲ ಮಾಡ್ಕೊಳ್ಳೋದು ಇಲ್ಲಿ. ಫೈಲಿನ ಹೆಸರಿನ ಕಡೀಕ ಡಾಟ್ ಆದಮ್ಯಾಲ ಬರೋ ಎಂಪಿ3, ಎಂ4ಎ, ಓಜಿಜಿ ಅನ್ನೋದು ಎಕ್ಸ್‌ಟೆನ್ಶನ್, ಅದು ಚೀಲಕ್ಕ ಹಚ್ಚಿದ ಚೀಟಿ ಅಷ್ಟ. ಚೀಲಕ್ಕ ಕಂಟೇನರ್ ಅಂತಾರ, ಒಳಗಿನ ಮಾಲನ್ನ ತಯಾರು ಮಾಡಿದ ರೀತಿಗೆ ಕೋಡೆಕ್ ಅಂತಾರ. ಎಂ4ಎ ಅನ್ನೋ ಚೀಲದಾಗ ಸಾಮಾನ್ಯವಾಗಿ ಎಎಸಿ ಪುಡಿ ಇರ್ತೈತಿ, ಆದ್ರ ಆಪಲ್‌ನ ಲಾಸ್‌ಲೆಸ್ ಮಾಲೂ ಅದೇ ಚೀಲದಾಗ ಬರ್ತೈತಿ. ವಾಟ್ಸಾಪ್ ವಾಯ್ಸ್ ಮೆಸೇಜ್ ಓಗ್ (ಓಜಿಜಿ) ಚೀಲದಾಗಿನ ಓಪಸ್. ಹಳೇ ಕೀಪ್ಯಾಡ್ ಫೋನಿನ ರೆಕಾರ್ಡಿಂಗ್ ಎಎಂಆರ್, ಅದನ್ನ ಫೋನಿನ ಮಾತಿಗಂತನ ಮಾಡಿದ್ದು, ಸೆಕೆಂಡಿಗೆ 8,000 ಸಲ ಅಷ್ಟ ಅಳೀತೈತಿ, ಅದಕ್ಕ ಅದರಾಗ ಹಾಡು ಕೇಳಾಕ ಆಗಂಗಿಲ್ಲ.

ಹೆಸರಿನ್ಯಾಗ ಎಂ4ಎ ಅಳಿಸಿ ಎಂಪಿ3 ಅಂತ ಬರದ್ರ ಚೀಟಿ ಅಷ್ಟ ಬದಲಾತು, ಮಾಲು ಅದೇ ಉಳೀತು. ಕಂಪ್ಯೂಟರಿನ್ಯಾಗ ವಿಎಲ್‌ಸಿ ಹಂಥ ಶಾಣ್ಯಾ ಪ್ಲೇಯರ್ ಚೀಟಿ ನೋಡದ ಒಳಗಿಂದು ನೋಡಿ ಹಾಡಿಸಿ ಬಿಡ್ತೈತಿ, ಆವಾಗ "ಕನ್ವರ್ಟ್ ಆತು" ಅಂತ ಅನ್ಕೊಂಡು ಹೋಗ್ತಾರ, ಅಲ್ಲಿ ಸ್ಟೇಜ್ ಹತ್ರ ಹಾಡು ಹತ್ತಂಗಿಲ್ಲ. ವಿಂಡೋಸ್ ಈ ಎಕ್ಸ್‌ಟೆನ್ಶನ್ ಮುಚ್ಚಿ ಇಟ್ಟಿರ್ತೈತಿ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಒಳಗ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಅನ್ನೋದಕ್ಕ ಟಿಕ್ ಹಾಕಿದ್ರ ಕಾಣಸ್ತಾವು. ಒಳಗಿನ ಮಾಲು ಖರೇನ ಯಾವುದು ಅಂತ ನೋಡಬೇಕಂದ್ರ ವಿಎಲ್‌ಸಿಯೊಳಗ ಹಾಡು ಹಚ್ಚಿ ಟೂಲ್ಸ್ ಮೆನುದಾಗ ಕೋಡೆಕ್ ಇನ್ಫರ್ಮೇಶನ್ ತಗೀರಿ, ಕೋಡೆಕ್ಕು, ಸ್ಯಾಂಪಲ್ ರೇಟು ಎಲ್ಲಾ ಅಲ್ಲೇ ಬರದಿರ್ತೈತಿ.

ಹಂಗಾದ್ರ ಕನ್ವರ್ಟ್ ಅಂದ್ರೇನು

ಯಾವ ಸಾಫ್ಟ್‌ವೇರ್ ಇದ್ರೂ ಎರಡು ಕೆಲಸ ಮಾಡ್ತೈತಿ. ಮೊದಲ ಹಳೇ ಫೈಲ್ ಬಿಚ್ಚಿ ಅಂಕಿಗಳ ಸಾಲು ಮಾಡ್ಕೋತೈತಿ, ಅದು ಡಿಕೋಡ್. ಆಮ್ಯಾಲ ಆ ಸಾಲನ್ನ ಹೊಸ ರೀತಿಲೆ ಬರೀತೈತಿ, ಅದು ಎನ್‌ಕೋಡ್. ಏನು ಉಳೀತು ಏನು ಹೋತು ಅನ್ನೋದು ಯಾವುದರಿಂದ ಯಾವುದಕ್ಕ ಹೊಂಟೀರಿ ಅನ್ನೋದರ ಮ್ಯಾಲ ಐತಿ.

ವೇವ್‌ನಿಂದ ಫ್ಲ್ಯಾಕ್, ಫ್ಲ್ಯಾಕ್‌ನಿಂದ ವೇವ್, ಎಷ್ಟು ಸಲ ಬೇಕಾದ್ರೂ ಓಡಾಡ್ರಿ, ಏನೂ ಆಗಂಗಿಲ್ಲ. ವೇವ್‌ನಿಂದ ಎಂಪಿ3ಗೆ ಒಮ್ಮೆ ಕುಟ್ಟಿಸಿದಂಗ. ಎಂಪಿ3ಯಿಂದ ವೇವ್‌ಗೆ ಹೋದ್ರ ಪುಡಿನ ದೊಡ್ಡ ಚೀಲಕ್ಕ ಸುರುವಿದಂಗಾತು, 128 ಕೆಬಿಪಿಎಸ್‌ದ್ದಿದ್ರ ಫೈಲು ಹನ್ನೊಂದು ಪಟ್ಟು ದೊಡ್ಡದಾಗ್ತೈತಿ, ಹೋದ ಧ್ವನಿ ಮಾತ್ರ ತಿರುಗಿ ಬರಂಗಿಲ್ಲ. 128ರ ಎಂಪಿ3ನ 320 ಮಾಡಿದ್ರ "ಕ್ವಾಲಿಟಿ ಹೆಚ್ಚಾತು" ಅನ್ನೋದೂ ಇದೇ ತಪ್ಪು ತಿಳುವಳಿಕಿ, ಸೈಜ್ ಅಷ್ಟ ಹೆಚ್ಚಾಗ್ತೈತಿ. 44,100ರ ಹಾಡನ್ನ 96,000ಕ್ಕ ಏರಿಸಿದ್ರೂ ಅಷ್ಟ.

ಎಲ್ಲಾಕ್ಕಿಂತ ಹಾಳು ಮಾಡೋದು ಒಂದು ಲಾಸಿಯಿಂದ ಇನ್ನೊಂದು ಲಾಸಿಗೆ ಮ್ಯಾಲಿಂದ ಮ್ಯಾಲ ಹೋಗೋದು. ಎಎಸಿಯಿಂದ ಎಂಪಿ3, ಅದನ್ನ ಕತ್ತರಿಸಿ ಮತ್ತ ಎಂಪಿ3, ಅದನ್ನ ಇನ್ನೊಬ್ಬಾಂವ ಓಪಸ್ ಮಾಡಿ ಕಳಿಸಿದ. ಪ್ರತಿ ಎನ್‌ಕೋಡರ್ ತನ್ನ ಲೆಕ್ಕದಾಗ ಬ್ಯಾಡ ಅನಿಸಿದ್ದನ್ನ ತಗೀತೈತಿ, ಹಿಂದಿನಾಂವ ಮಾಡಿದ ತಪ್ಪಿನ ಮ್ಯಾಲ ಇಂವಂದೂ ಕೂಡತೈತಿ. ಪುಡಿನ ಸಾಣಿಗಿ ಹಿಡದಂಗೆಲ್ಲ ಒಂದಿಷ್ಟು ಉಳದ ಬಿಡ್ತೈತಿ ನೋಡ್ರಿ. ಅದಕ್ಕ ಯಾವಾಗಲೂ ಮೂಲ ಫೈಲಿನಿಂದನ ಹೊಸದು ಮಾಡ್ರಿ, ಕಾಪಿಯಿಂದ ಕಾಪಿ ಮಾಡಬ್ಯಾಡ್ರಿ. ಮೂಲನ ಬ್ಯಾರೆ ಫೋಲ್ಡರಿನ್ಯಾಗ ಇಟ್ಟು ಮುಟ್ಟಲಾರದಂಗ ಬಿಡ್ರಿ.

ಒಂದು ಚೊಲೋ ಸುದ್ದಿ ಅಂದ್ರ ಕೆಲವು ಸಲ ಮಾಲು ಮುಟ್ಟದ ಚೀಲ ಅಷ್ಟ ಬದಲಿ ಮಾಡಾಕ ಬರ್ತೈತಿ. ಫೋನಿನ ಎಂಪಿ4 ವಿಡಿಯೋದಾಗಿನ ಧ್ವನಿ ಬೇಕಾಗಿದ್ರ, ಒಳಗಿನ ಎಎಸಿನ ಹಂಗ ಎತ್ತಿ ಎಂ4ಎ ಚೀಲಕ್ಕ ಹಾಕಬಹುದು, ಏನೂ ಹಾಳಾಗಂಗಿಲ್ಲ, ಕ್ಷಣದಾಗ ಮುಗೀತೈತಿ.

ಯಾವುದಕ್ಕ ಯಾವ ಫಾರ್ಮ್ಯಾಟ್

ಸಾರ್ವಜನಿಕ ಸೌಂಡ್ ಸಿಸ್ಟಮ್, ಕಾರ್, ಟ್ರ್ಯಾಕ್ಟರಿನ ಪ್ಲೇಯರ್, ಇವಕ್ಕೆಲ್ಲ ಎಂಪಿ3ನ ಸೈ. ಅದಕ್ಕಿಂತ ಎಎಸಿ, ಓಪಸ್ ಕಡಿಮಿ ಜಾಗದಾಗ ಚೊಲೋ ಧ್ವನಿ ಕೊಡ್ತಾವು ಖರೆ, ಆದ್ರ ಎಂಪಿ3 ಓದಲಾರದ ಡಬ್ಬಿ ಸಿಗೋದು ಕಷ್ಟ, ಅದರ ಪೇಟೆಂಟ್ ಲೈಸೆನ್ಸಿಂಗೂ 2017ರಾಗ ಮುಗದೈತಿ. ದೊಡ್ಡ ಸ್ಪೀಕರಿಗೆ ಬಿಟ್‌ರೇಟ್ 256 ಇಲ್ಲಾ 320 ಕೆಬಿಪಿಎಸ್ ಇಡ್ರಿ, 320 ಎಂಪಿ3ಯ ಕಡೀ ಮಿತಿ, ಐದು ನಿಮಿಷಕ್ಕ 12 ಎಂಬಿ ಅಷ್ಟ. ಬರೇ ಮಾತು, ಭಾಷಣ, ಪಾಠದ ರೆಕಾರ್ಡಿಂಗ್ ಆದ್ರ ಮೋನೋ (ಒಂದೇ ಚಾನೆಲ್) 64 ಸಾಕು. ಬಿಟ್‌ರೇಟ್ ಕಾನ್‌ಸ್ಟಂಟ್ ಬೇಕೋ ವೇರಿಯೇಬಲ್ ಬೇಕೋ ಅಂತ ಕೆಲವು ಸಾಫ್ಟ್‌ವೇರ್ ಕೇಳ್ತಾವು. ಕಾನ್‌ಸ್ಟಂಟ್ ಅಂದ್ರ ಹಾಡಿನ ತುಂಬ ಒಂದೇ ಬಿಟ್‌ರೇಟ್. ವೇರಿಯೇಬಲ್ ಅಂದ್ರ ಹಾಡಿನ ಕಷ್ಟದ ಜಾಗಕ್ಕ ಹೆಚ್ಚು ಬಿಟ್ ಸರಳ ಜಾಗಕ್ಕ ಕಡಿಮಿ, ಅದು ಶಾಣ್ಯಾತನದ ರೀತಿ, ಆದ್ರ ಕೆಲವು ಹಳೇ ಪ್ಲೇಯರ್ ಇಂಥಾ ಫೈಲಿನ ಟೈಮ್ ತಪ್ಪು ತೋರಸ್ತಾವು, ಕಾರ್ಯಕ್ರಮಕ್ಕ ಕಾನ್‌ಸ್ಟಂಟ್ ಇಡೋದು ಚೊಲೋ. ಸ್ಯಾಂಪಲ್ ರೇಟ್ ಮೂಲದಾಗ ಎಷ್ಟೈತೋ ಅಷ್ಟ ಇರಲಿ.

ಕಾಯ್ದಿಡೋದಕ್ಕ ಫ್ಲ್ಯಾಕ್. ಎಡಿಟ್ ಮಾಡೋ ಹೊತ್ತಿನ್ಯಾಗ ವೇವ್. ಹಾಂ, ಮೂಲನ ಎಂ4ಎ ಇಲ್ಲಾ ಓಪಸ್ ಇದ್ರ ಅದನ್ನ ಫ್ಲ್ಯಾಕ್ ಮಾಡೋ ಅವಶ್ಯಕತೆ ಇಲ್ಲ, ಆ ಓಪಸ್ ಫೈಲ್‌ನ ನಿಮ್ಮ ಮೂಲ, ಅದನ್ನ ಇಟಕೊಳ್ರಿ. ಅಪ್ಪನ ವಾಯ್ಸ್ ಮೆಸೇಜಿಗೂ ಇದೇ ಮಾತು.

ಕಂಪ್ಯೂಟರಿನ್ಯಾಗ ಮಾಡೋದು ಹೆಂಗ

ಒಂದೆರಡು ಹಾಡಿಗೆ ವಿಎಲ್‌ಸಿ ಸಾಕು, ಬಿಟ್ಟಿ ಸಿಗ್ತೈತಿ, ಭಾಳ ಮಂದಿ ಹತ್ರ ಇದ್ದ ಇರ್ತೈತಿ. ವಿಂಡೋಸಿನ್ಯಾಗ ಮೀಡಿಯಾ ಮೆನು ತಗದು ಕನ್ವರ್ಟ್/ಸೇವ್ ಒತ್ರಿ, ಆ್ಯಡ್ ಒತ್ತಿ ಫೈಲ್ ಆರಿಸ್ರಿ, ಕೆಳಗಿನ ಕನ್ವರ್ಟ್/ಸೇವ್ ಬಟನ್ ಒತ್ರಿ. ಪ್ರೊಫೈಲ್ ಅನ್ನೋ ಕಡೆ ಆಡಿಯೋ - ಎಂಪಿ3 ಆರಿಸಿ ಬಾಜೂಕಿನ ಪಾನಾ ಗುರುತು ಒತ್ರಿ. ಅಲ್ಲಿ ಆಡಿಯೋ ಕೋಡೆಕ್ ಒಳಗ ಬಿಟ್‌ರೇಟ್ 128 ಅಂತ ಇರ್ತೈತಿ, ಅದನ್ನ ನೀವ 256 ಇಲ್ಲಾ 320 ಮಾಡಬೇಕು, ಇದನ್ನ ಯಾರೂ ನೋಡಂಗಿಲ್ಲ, ಹಾಡು ಮಬ್ಬಾಗಾಕ ಭಾಳ ಸಲ ಇದ ಕಾರಣ. ಸೇವ್ ಮಾಡಿ, ಬ್ರೌಸ್ ಒತ್ತಿ ಹೊಸ ಹೆಸರು ಕೊಟ್ಟು ಸ್ಟಾರ್ಟ್ ಒತ್ರಿ. ಮೂಲದ ಹೆಸರನ್ನ ಹೊಸದಕ್ಕ ಕೊಡಬ್ಯಾಡ್ರಿ, ಮೂಲ ಅಳಿಸಿ ಹೋಗ್ತೈತಿ.

ಹಾಡು ಕತ್ತರಿಸೋದು, ಎರಡು ಹಾಡು ಜೋಡಿಸೋದು ಇದ್ರ ಆಡಾಸಿಟಿ ಅನ್ನೋ ಸಾಫ್ಟ್‌ವೇರ್. ಇದೂ ಬಿಟ್ಟಿ. ಇದರಾಗ ಸೇವ್ ಪ್ರಾಜೆಕ್ಟ್ ಅನ್ನೋದು ಆಡಾಸಿಟಿಯ ಸ್ವಂತ ಫೈಲ್ ಮಾಡ್ತೈತಿ, ಅದು ಯಾವ ಪ್ಲೇಯರಿನ್ಯಾಗೂ ಹತ್ತಂಗಿಲ್ಲ. ಹಾಡಿನ ಫೈಲ್ ಬೇಕಂದ್ರ ಫೈಲ್ ಮೆನುದಾಗ ಎಕ್ಸ್‌ಪೋರ್ಟ್ ಆಡಿಯೋ ಒತ್ತಿ ಎಂಪಿ3, ವೇವ್, ಫ್ಲ್ಯಾಕ್ ಯಾವುದು ಬೇಕೋ ಆರಿಸ್ರಿ. ಎಂ4ಎ ತಗೀವಲ್ದು ಅಂದ್ರ ಎಫ್ಎಫ್ಎಂಪೆಗ್ ಅನ್ನೋ ಲೈಬ್ರರಿ ಬ್ಯಾರೆ ಹಾಕ್ಬೇಕು ಅಂತ ಅರ್ಥ, ವಿಂಡೋಸಿನ್ಯಾಗ ಇದು ಸಾಮಾನ್ಯ.

ಆ ಎಫ್ಎಫ್ಎಂಪೆಗ್ 2000ದಾಗ ಫ್ಯಾಬ್ರಿಸ್ ಬೆಲ್ಲಾರ್ ಅನ್ನೋ ಫ್ರೆಂಚ್ ಪ್ರೋಗ್ರಾಮರ್ ಶುರು ಮಾಡಿದ್ದು. ರೊಕ್ಕ ಕೊಟ್ಟು ತಗೊಳ್ಳೋ ಎಷ್ಟೋ ಕನ್ವರ್ಟರುಗಳ ಒಳಗ ದುಡಿಯೋದು ಇದ. ಕಿಟಕಿ, ಬಟನ್ ಏನೂ ಇಲ್ಲ, ಕಮಾಂಡ್ ಬರೀಬೇಕು, ಆದ್ರ ಇಡೀ ಫೋಲ್ಡರಿನ ನೂರಾರು ಫೈಲ್ ಒಮ್ಮೆಗೆ ಮಾಡಾಕ, ಮಾಲು ಮುಟ್ಟದ ಚೀಲ ಬದಲಿಸಾಕ ಇದರಷ್ಟು ಚೊಲೋದು ಇಲ್ಲ. ಕಮಾಂಡ್ ಅಂದ್ರ ಅಂಜಿಕಿ ಬರೋರು ವಿಂಡೋಸಿನ್ಯಾಗ ಫೂಬಾರ್2000 ಅನ್ನೋ ಪ್ಲೇಯರ್ ಹಾಕ್ಕೊಳ್ರಿ, ಫೈಲ್ ಎಲ್ಲಾ ಆರಿಸಿ ಬಲ ಕ್ಲಿಕ್ ಮಾಡಿದ್ರ ಕನ್ವರ್ಟ್ ಬರ್ತೈತಿ.

ಆನ್‌ಲೈನ್ ಕನ್ವರ್ಟರ್ ಬಗ್ಗೆ ಒಂದು ಮಾತು. ಮನಿ ಮಂದಿ ಮಾತಾಡಿದ ರೆಕಾರ್ಡಿಂಗ್ ಗುರುತಿಲ್ಲದವರ ಸರ್ವರಿಗೆ ಹೋಗ್ತೈತಿ, ಪುಟದ ತುಂಬ ಸುಳ್ಳ ಡೌನ್‌ಲೋಡ್ ಬಟನ್ ಇರ್ತಾವು, ಬಿಟ್‌ರೇಟ್ ಅವರ ಮನಸಿಗೆ ಬಂದಂಗ. 2025ರ ಮಾರ್ಚಿನ್ಯಾಗ ಅಮೆರಿಕದ ಎಫ್‌ಬಿಐನ ಡೆನ್ವರ್ ಆಫೀಸು ಇಂಥಾ ಬಿಟ್ಟಿ ಕನ್ವರ್ಟರಿನಿಂದ ವೈರಸ್ ಬರ್ತಾವು ಅಂತ ಎಚ್ಚರಿಕಿ ಕೊಟ್ಟಿತ್ತು. ಹಂಗ ಹಾಡಿನ ಆ್ಯಪಿನ್ಯಾಗ ಆಫ್‌ಲೈನ್ ಇಳಿಸಿದ ಹಾಡು ಕೀಲಿ ಹಾಕಿದ್ದಿರ್ತಾವು, ಅವನ್ನ ಕನ್ವರ್ಟ್ ಮಾಡಾಕ ಬರಂಗಿಲ್ಲ, ಮಾಡೋದು ಕಾಪಿರೈಟಿಗೂ ಸರಿ ಅಲ್ಲ.

ಫೈಲ್ ಸರಿ ಐತಿ, ಆದ್ರೂ ಹತ್ತವಲ್ದು

ಆವಾಗ ಪೆನ್‌ಡ್ರೈವ್ ನೋಡ್ರಿ. ಪೆನ್‌ಡ್ರೈವಿನ್ಯಾಗ ಫೈಲ್ ಜೋಡಿಸಿ ಇಡೋ ರೀತಿನೂ ಬ್ಯಾರೆ ಬ್ಯಾರೆ ಇರ್ತಾವು, ಆ ರೀತಿ ಹಾಕೋದಕ್ಕೂ ಫಾರ್ಮ್ಯಾಟ್ ಅಂತನ ಅಂತಾರ. ಹಳೇ ಸೌಂಡ್ ಸಿಸ್ಟಮ್ ಭಾಳಷ್ಟು ಫ್ಯಾಟ್32 ರೀತಿಲೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಅಷ್ಟ ಓದ್ತಾವು, ಎನ್‌ಟಿಎಫ್ಎಸ್, ಎಕ್ಸ್‌ಫ್ಯಾಟ್ ಇದ್ರ ಒಳಗಿನ ಎಂಪಿ3 ಕಾಣಂಗೇ ಇಲ್ಲ. ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡ ಪೆನ್‌ಡ್ರೈವಿಗೆ ಫ್ಯಾಟ್32 ತೋರಸಂಗಿಲ್ಲ, ಅದಕ್ಕ ಕಾರ್ಯಕ್ರಮಕ್ಕ 16 ಇಲ್ಲಾ 32 ಜಿಬಿಯದು ತಗೊಳ್ರಿ. ಫಾರ್ಮ್ಯಾಟ್ ಮಾಡಿದ್ರ ಒಳಗಿದ್ದದ್ದೆಲ್ಲ ಹೋಗ್ತೈತಿ, ಮೊದಲ ತಗದಿಟಕೊಳ್ರಿ.

ಕ್ಯಾಸೆಟ್ ಇದ್ದವರಿಗೆ

ಟೇಪ್ ಪ್ಲೇಯರಿನ ಲೈನ್ ಔಟ್ ಇಲ್ಲಾ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ವೈರ್ ಹಾಕ್ರಿ. ಲ್ಯಾಪ್‌ಟಾಪಿನ ಮೈಕ್ ತೂತು ಸಾಮಾನ್ಯವಾಗಿ ಮೋನೋ, ಲೈನ್ ಇನ್ ಇರೋ ಯುಎಸ್‌ಬಿ ಆಡಿಯೋ ಅಡಾಪ್ಟರ್ ತಗೊಂಡ್ರ ಎರಡೂ ಚಾನೆಲ್ ಸರಿ ಬರ್ತಾವು. ಆಡಾಸಿಟಿಯೊಳಗ 44,100 ಇಟ್ಟು, ಎಲ್ಲಾಕ್ಕಿಂತ ಜೋರಿನ ಜಾಗದಾಗ ಮೀಟರು ಮೈನಸ್ 6 ಡಿಬಿ (ಡೆಸಿಬೆಲ್, ಧ್ವನಿಯ ಜೋರಿನ ಅಳತಿ) ಸುತ್ತಮುತ್ತ ಇರೋ ಹಂಗ ಲೆವೆಲ್ ಹಚ್ರಿ, ಸೊನ್ನೆ ಮುಟ್ಟಿ ಒಡದ ಧ್ವನಿನ ಆಮ್ಯಾಲ ಸರಿ ಮಾಡಾಕ ಆಗಂಗಿಲ್ಲ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷ ಕೂಡಬೇಕು, ಅದಕ್ಕ ಒಳದಾರಿ ಇಲ್ಲ. ವೇವ್‌ನಾಗ 635 ಎಂಬಿ ಆಗೋದು ಫ್ಲ್ಯಾಕ್ ಮಾಡಿದ್ರ ಭಾಳ ಕಡಿಮಿ ಆಗ್ತೈತಿ. ಟೇಪಿನ ಸುಯ್ ಅನ್ನೋ ಸಪ್ಪಳ ತಗಿಯೋದಿದ್ರ ಫ್ಲ್ಯಾಕಿನ ಕಾಪಿ ಮ್ಯಾಲ ಮಾಡ್ರಿ, ಮೂಲದ ಮ್ಯಾಲ ಬ್ಯಾಡ, ನಾಳೆ ಇನ್ನೂ ಚೊಲೋ ಸಾಫ್ಟ್‌ವೇರ್ ಬಂದಾಗ ಮುಟ್ಟದ ಮೂಲ ಬೇಕಾಗ್ತೈತಿ.

ಊರಾಗಿನ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಕಳಸಾಕ ಆ ಫ್ಲ್ಯಾಕಿನಿಂದ 192ರ ಎಂಪಿ3 ಮಾಡ್ರಿ. ವಾಟ್ಸಾಪಿನ್ಯಾಗ ಕಳಿಸೋ ಮುಂದ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದ್ರ ಫೈಲ್ ಇದ್ದದ್ದು ಇದ್ದಂಗ ಹೋಗ್ತೈತಿ, 2 ಜಿಬಿ ತನಕ ನಡೀತೈತಿ, ಬೇಕಂದವರಿಗೆ ಫ್ಲ್ಯಾಕನ್ನೂ ಹಿಂಗ ಕಳಸಬಹುದು.